ಎಲ್ಲರ ಒಪ್ಪಿಗೆ

ಆ ದಿನ ಬೆಳಿಗ್ಗೆ ಅವನ ಕೈಯಲ್ಲಿದ್ದದ್ದು ಯಾರದೋ ಕೆಳದವಡೆಯ ಅಚ್ಚು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂಬದಿಯಲ್ಲಿ, ಕಿಟಕಿ ಎಂದು ಹೇಳಿಕೊಳ್ಳಲು ಒಂದು ಗಾಳಿಕಿಂಡಿಯಷ್ಟೇ ಇದ್ದ ಕೋಣೆಯೊಳಗೆ, ಅವನು ಇಪ್ಪತ್ತಾರು ವರ್ಷಗಳಿಂದ ಹಲ್ಲುಸೆಟ್ಟು ಮಾಡುತ್ತ ಬಂದವನು. ಮುಂದಿನ ಕೋಣೆಯಲ್ಲಿ ಡಾಕ್ಟರರು ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರು ಸುರಿದು, ಒಣಗಿಸಿ, ಮೇಣ ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ, ನುಣುಪು ಮಾಡಿ ಕೊಡುವುದು ಇವನ ಪಾಲಿನ ಕೆಲಸ. ಬಾಯಿಗಳ ಒಡೆಯರನ್ನು ಅವನು ನೋಡುತ್ತಿದ್ದದ್ದೇ ಕಡಿಮೆ. ಆದರೂ ಅಚ್ಚು ನೋಡಿದರೆ ಸಾಕು, ಈತ ನಿದ್ದೆಯಲ್ಲಿ ಹಲ್ಲು ಕಡಿಯುವವನು, ಈಕೆ ಎಡಗಡೆಯಿಂದಷ್ಟೇ ಅಗಿಯುವವಳು ಎಂದು ಹೇಳಬಲ್ಲವನಾಗಿದ್ದ. ಈಗ ಕೈಯಲ್ಲಿದ್ದ ಅಚ್ಚಿನಲ್ಲಿ ಕೋರೆಹಲ್ಲು ಕೊಂಚ ಹೊರಕ್ಕೆ ವಾಲಿತ್ತು. ಅದರ ಮೇಲೆ ಆಡುತ್ತಿದ್ದ ಹೆಬ್ಬೆರಳು ಇದ್ದಕ್ಕಿದ್ದಂತೆ ಅಲ್ಲೇ ನಿಂತಿತು. ಮನೆಯ ನಾಯಿ ಗೊರಕೆಯ ಎಡಗೋರೆಯೂ ಹೀಗೇ ವಾಲಿತ್ತು. ಬಾಯಿ ಮುಚ್ಚಿದರೂ ತುಟಿಯಾಚೆಗೆ ಬಿಳಿಯ ಚೂರೊಂದು ಇಣುಕಿ, ಆ ಮುಖಕ್ಕೆ ಯಾವಾಗಲೂ ಏನೋ ಹೇಳಲು ಹೊರಟು ಮರೆತವರ ಕಳೆ ಇರುತ್ತಿತ್ತು. ಗೊರಕೆ ಸತ್ತು ಅಂದಿಗೆ ಹತ್ತೊಂಬತ್ತು ದಿನ.

ನಾಯಿಗೆ ಗೊರಕೆ ಎಂದು ಹೆಸರಿಟ್ಟವಳು ಮಗಳು. ಆಗ ಅವಳಿಗೆ ಆರು ವರ್ಷ. ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಮರಿ ಮೊದಲ ದಿನವೇ ಸೋಫಾದ ಕೆಳಗೆ ಹೊಕ್ಕು, ಅಂಗೈಯಗಲದ ಮೈಯಿಂದ ದೊಡ್ಡಾಳಿನ ಗೊರಕೆ ಹೊಡೆಯತೊಡಗಿದಾಗ ಗಂಡ, ಹೆಂಡತಿ, ಮಗಳು ಮೂವರೂ ಮಂಡಿಯೂರಿ ಬಗ್ಗಿ ನೋಡಿದ್ದರು. ಎರಡು ವರ್ಷದ ಮೇಲೆ ಅತ್ತೆ ತೀರಿಕೊಂಡು ಮಾವ ಇವರೊಂದಿಗೆ ಇರಲು ಬಂದಾಗ, ಅವರ ಕೋಣೆಗೆ ಹೋಗಿ ಮಂಚದ ಕೆಳಗೆ ಜಾಗ ಹಿಡಿದದ್ದೂ ಅದೇ. ಅವರದು ಮುಮ್ಮೇಳ, ಇದರದು ಹಿಮ್ಮೇಳ ಎಂದು ಹೆಂಡತಿ ನಗುತ್ತಿದ್ದಳು. ನಾಯಿ ಬೇಡ ಎಂದಿದ್ದವನು ಇವನೊಬ್ಬನೇ. ನಾಯಿಗಳಿಗೆ ಇಂಥದು ಹೇಗೋ ತಿಳಿಯುತ್ತದೆ. ಬೇಡವೆಂದವನ ಕಾಲನ್ನೇ ಹುಡುಕಿಕೊಂಡು ಬಂದು ಮಲಗುತ್ತವೆ. ಸಂಜೆ ಅವನು ಬಾಗಿಲು ತೆರೆದರೆ ಮೊದಲು ಒದ್ದೆ ಮೂಗು, ಆಮೇಲೆ ನಾಲಗೆ. ಉಗುರ ಸಂದಿಯಲ್ಲಿ ಉಳಿದ ಪ್ಲಾಸ್ಟರಿನ ಹುಡಿಯನ್ನು ಅದು ಒಂದೊಂದೇ ಬೆರಳಿನಿಂದ ನೆಕ್ಕಿ ತೆಗೆಯುತ್ತಿತ್ತು. ಒಮ್ಮೆ ಯಾರೋ ಮುದುಕಿಗೆಂದು ಮಾಡಿ ಮನೆಗೆ ತಂದಿಟ್ಟುಕೊಂಡಿದ್ದ ಮೇಲುದವಡೆಯ ಸೆಟ್ಟನ್ನು ಕಚ್ಚಿಕೊಂಡು ಹೋಗಿ ಹಾಸಿಗೆಯಡಿ ಬಚ್ಚಿಟ್ಟಿತ್ತು. ಮನೆಯೆಲ್ಲ ತಡಕಾಡಿ ಕೊನೆಗೆ ಅದು ಸಿಕ್ಕಾಗ ಮಾವ ತಮ್ಮ ಬೋಳುಬಾಯಿ ತೆರೆದು, ಈ ಮನೆಯಲ್ಲಿ ನನಗಿಂತ ನಾಯಿಗೇ ಹಲ್ಲು ಜಾಸ್ತಿಯಾಯಿತು ಎಂದು ಹೇಳಿ ತಾವೇ ಮೊದಲು ನಕ್ಕಿದ್ದರು. ಆಗ ಎಲ್ಲರೂ ನಕ್ಕಿದ್ದರು. ಆ ನಗುವಿನಲ್ಲಿ ತಾನೂ ಇದ್ದೆನಲ್ಲ ಎಂದು ನೆನೆದರೆ ಅವನಿಗೆ ಈಗ, ತನ್ನದಲ್ಲದ ಮದುವೆಯ ಫೋಟೋದಲ್ಲಿ ತಾನು ನಿಂತಿರುವುದನ್ನು ಕಂಡ ಹಾಗಾಗುತ್ತಿತ್ತು.

ಬಾಗಿಲು ತಟ್ಟದೆ ಒಳಗೆ ಬಂದವಳು ಕ್ಲಿನಿಕ್ಕಿನ ಮುಂದಿನ ಮೇಜಿನ ಹುಡುಗಿ, ಬಂದವರ ಹೆಸರು ಬರೆದುಕೊಂಡು ಕೂರಿಸುವವಳು. ಅವಳ ಕೈಯಲ್ಲಿ ಫೋನಿತ್ತು. ನಿಮ್ಮ ಮಗಳು ಬರೆದದ್ದು ಓದಿದೆ ಸರ್, ಬಸ್ಸಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ ಎಂದಳು. ಮಗಳು ಏನೋ ಬರೆದು ಜಾಲತಾಣಕ್ಕೆ ಹಾಕಿದ್ದಾಳೆಂದು ಅವನಿಗೆ ಹಿಂದಿನ ದಿನವೇ ಗೊತ್ತಿತ್ತು, ಓದಿರಲಿಲ್ಲ. ಈಗ ಹುಡುಗಿ ಓದಿಯೇಬಿಟ್ಟಳು. ನಮ್ಮಪ್ಪನದು ಮಾತು ಕಡಿಮೆ. ಹಿಂಗಾಲು ಸೋತ ಗೊರಕೆಯನ್ನು ಎಂಟು ತಿಂಗಳು, ದಿನಕ್ಕೆ ನಾಲ್ಕು ಸಲ, ಮೂರನೆಯ ಮಹಡಿಯಿಂದ ಎತ್ತಿಕೊಂಡು ಇಳಿಸಿ ಹತ್ತಿಸಿದವರು ಅವರು. ಕೊನೆಯ ದಿನ ನಾವು ಯಾರೂ ಅದರ ಪಾಡು ನೋಡಲಾರೆವೆಂದು ಒಬ್ಬರೇ ಕರೆದುಕೊಂಡು ಹೋದರು. ಅದರ ತಲೆ ಅವರ ಕೈಮೇಲಿತ್ತಂತೆ. ಪ್ರೀತಿ ಅಂದರೆ ಏನೆಂದು ಯಾರಾದರೂ ಕೇಳಿದರೆ ನಾನು ನಮ್ಮ ಮನೆಯ ಮೆಟ್ಟಿಲು ತೋರಿಸುತ್ತೇನೆ. ಹೀಗೆ ಇನ್ನೂ ಇತ್ತು. ಅವನು ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಇದಕ್ಕೆ ಇನ್ನೊಂದು ಸಲ ಪ್ಲಾಸ್ಟರು ಹಾಕಬೇಕು, ಗುಳ್ಳೆ ಎದ್ದಿದೆ ಎಂದ. ಅಚ್ಚಿನಲ್ಲಿ ಗುಳ್ಳೆಯಿರಲಿಲ್ಲ. ಅವಳು ಅದನ್ನೂ ದುಃಖವೆಂದೇ ತಿಳಿದಿರಬೇಕು. ಬಾಗಿಲನ್ನು ಮೆಲ್ಲಗೆ, ಮಲಗಿದ ಮಗುವಿರುವ ಕೋಣೆಯ ಬಾಗಿಲೆಳೆಯುವಂತೆ ಎಳೆದುಕೊಂಡು ಹೋದಳು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಡಾಕ್ಟರರೇ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಇವರೇ ಅವರು ಎಂದು ತೋರಿಸಿದರು. ಆಕೆಯ ಒಂದು ಕೆನ್ನೆಗೆ ಮರಗಟ್ಟಿಸುವ ಸೂಜಿ ಬಿದ್ದಿತ್ತು, ಬಾಯಲ್ಲಿ ಹತ್ತಿಯುಂಡೆ. ನಿಮ್ಮಂಥವರು ಇರಬೇಕು ಎಂದು ಹೇಳಹೊರಟ ಮಾತು, ನಿಂಬಂಥೋಉ ಇಅಬೇಕು ಎಂದಾಗಿ ತುಟಿಯಂಚಿನಿಂದ ಜೊಲ್ಲಿನೊಡನೆ ಇಳಿಯಿತು. ನಗು ಬರುವಂಥದೇ. ನಗಲಾರದೆ, ಅಳಲಾರದೆ, ಅವನು ಎದ್ದು ನಿಂತು ಕೈಮುಗಿದ. ಮುಗಿದ ಕೈಗಳ ನಡುವೆ ಆ ದವಡೆ ಸಿಕ್ಕಿಕೊಂಡಿತ್ತು.

ಮೆಟ್ಟಿಲು ತೋರಿಸುತ್ತೇನೆ. ಮೆಟ್ಟಿಲು ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಮಹಡಿಗೆ ಹದಿನೆಂಟರಂತೆ ಐವತ್ತನಾಲ್ಕು. ಎರಡನೆಯ ತಿರುವಿನಲ್ಲಿ ಒಂದು ಕಲ್ಲು ಸಡಿಲ, ಅಲ್ಲಿ ಎಡಗಾಲು ಊರಬಾರದು. ನಾಯಿ ಇಳಿಯುವಾಗ ಹಗುರ, ಹತ್ತುವಾಗ ಭಾರ. ಹೆಗಲ ಮೇಲೆ ಇಟ್ಟ ಗದ್ದ ಪ್ರತಿ ಮೆಟ್ಟಿಲಿಗೂ ಎಲುಬಿಗೆ ಕುಟ್ಟುತ್ತಿತ್ತು. ಮೊದಲ ತಿಂಗಳು ಅದರ ಕಿವಿಯಲ್ಲಿ ಏನಾದರೂ ಹೇಳುತ್ತ ಇಳಿಯುತ್ತಿದ್ದ. ನಾಲ್ಕನೆಯ ತಿಂಗಳಿಗೆ ಮಾತು ನಿಂತು ಎಣಿಕೆ ಶುರುವಾಯಿತು. ಆರನೆಯ ತಿಂಗಳಲ್ಲಿ ಒಂದು ಸಂಜೆ, ಮೊದಲ ಮಹಡಿಗೆ ಇನ್ನು ಐದು ಮೆಟ್ಟಿಲಿರುವಾಗ, ಬೆಚ್ಚಗೆ ಏನೋ ಅಂಗಿಯ ಮೇಲೆ ಹರಿದು, ಪ್ಯಾಂಟಿಗಿಳಿದು, ಬೂಟಿನೊಳಗೆ ಸೇರಿತು. ಬಾಗಿಲು ತೆರೆದು ನಿಂತಿದ್ದ ಕೆಳಮನೆಯಾಕೆ ಮೂಗಿಗೆ ಸೆರಗು ಹಿಡಿದು, ಒರೆಸುವ ಬಟ್ಟೆ ನಿಮ್ಮ ಮನೆಯಿಂದಲೇ ತನ್ನಿ ಎಂದಳು. ಅವನು ತಂದ. ಮಂಡಿಯೂರಿ ಒರೆಸಿದ. ಆಕೆ ಇಲ್ಲಿ, ಇಲ್ಲಿ ಎಂದು ಬೆರಳಲ್ಲಿ ತೋರಿಸಿದಳು. ಮೇಲೆ ಬಂದು ಸ್ನಾನದ ಕೋಣೆಯಲ್ಲಿ ಅಂಗಿ ಬಿಚ್ಚುವಾಗ ಬಾಗಿಲ ಸಂದಿಯಿಂದ ತೂರಿಬಂದ ಒದ್ದೆ ಮೂಗನ್ನು ಅವನು ಕಾಲಿನಿಂದ ತಳ್ಳಿದ. ಒದೆಯಲಿಲ್ಲ, ತಳ್ಳಿದ, ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ. ತಳ್ಳಿದ್ದಕ್ಕೆ ಹಿಂಗಾಲು ಜಾರಿ ಅದು ಕುಳಿತುಬಿಟ್ಟಿತು, ಕುಳಿತಲ್ಲಿಂದಲೇ ಬಾಲ ಆಡಿಸಿತು. ಅದೇ ಕೆಳಮನೆಯಾಕೆ ಮೊನ್ನೆ ಅವನನ್ನು ಮೆಟ್ಟಿಲಲ್ಲಿ ತಡೆದು, ಪಾಪ, ಎಷ್ಟು ಒಳ್ಳೆಯ ಪ್ರಾಣಿ, ನಮ್ಮ ಮನೆಯದೇ ಹೋದ ಹಾಗಾಯಿತು ಎಂದು ಕಣ್ಣೊರೆಸಿಕೊಂಡಳು. ಸುಳ್ಳೆಂದು ಅವನಿಗೆ ಅನ್ನಿಸಲಿಲ್ಲ. ಸತ್ತ ಮೇಲೆ ಎಲ್ಲರಿಗೂ ಅದರ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತ್ತು. ಆ ಪ್ರೀತಿಯಲ್ಲಿ ಒಂದು ಪಾಲು ಅವನಿಗೂ ಬರುತ್ತಿತ್ತು. ಬೇಡವೆನ್ನಲು ಬಾಯಿಲ್ಲ.

ಕರೆದುಕೊಂಡು ಹೋದದ್ದು ಒಂದು ಗುರುವಾರ ಮಧ್ಯಾಹ್ನ. ನಾಲ್ಕು ದಿನದಿಂದ ಗೊರಕೆ ಅನ್ನ ಮುಟ್ಟಿರಲಿಲ್ಲ, ನೀರು ಮಾತ್ರ ಕುಡಿಯುತ್ತಿತ್ತು. ಪಶುವೈದ್ಯೆ ಇನ್ನೂ ಚಿಕ್ಕ ವಯಸ್ಸಿನವಳು, ಮುಂಗೈಯೆಲ್ಲ ಬೆಕ್ಕು ಪರಚಿದ ಗೀರು. ರಕ್ತ ತೆಗೆದು, ಕಾಗದ ನೋಡಿ, ಮೂತ್ರಪಿಂಡ ಸೋಲುತ್ತಿದೆ ಎಂದಳು. ಹಿಂದೆಯೇ, ಹಾಗಂತ ಗಾಬರಿಯಾಗುವಂಥದೇನಿಲ್ಲ, ಮಾತ್ರೆಯಿದೆ, ದಿನವೂ ಚರ್ಮದಡಿ ಸಲೈನ್ ಕೊಡುವುದನ್ನು ನಾನು ಹೇಳಿಕೊಡುತ್ತೇನೆ, ಐದಾರು ತಿಂಗಳು ಚೆನ್ನಾಗಿಯೇ ಇರಬಹುದು, ಆದರೆ ಒಬ್ಬರು ಪೂರ್ತಿ ನಿಗಾ ಇಡಬೇಕು ಎಂದಳು. ಒಬ್ಬರು ಎಂದರೆ ಯಾರೆಂದು ಅವನಿಗೆ ಗೊತ್ತಿತ್ತು. ಇಲ್ಲದಿದ್ದರೆ ಎಂದು ಕೇಳಿದ. ನೋವಿಲ್ಲದಂತೆ ಕಳಿಸಿಕೊಡುವ ದಾರಿಯೂ ಇದೆ, ವಯಸ್ಸು ಹದಿಮೂರಾಯಿತು, ಎರಡೂ ತಪ್ಪಲ್ಲ, ಆದರೆ ಮನೆಯವರನ್ನು ಕೇಳಿ ಹೇಳಿ ಎಂದಳು. ಆ ಕ್ಷಣ. ಮುಂದೆ ಎಷ್ಟೋ ಸಲ ಅವನು ಆ ಕ್ಷಣದೊಳಕ್ಕೆ ಕೈಹಾಕಿ ತಡಕಾಡಿದ್ದ, ದುಃಖದ ಒಂದು ತುಣುಕಾದರೂ ಸಿಕ್ಕೀತೇ ಎಂದು. ಸಿಕ್ಕದ್ದು ಬೇರೆಯೇ. ಐದಾರು ತಿಂಗಳು ಎಂದಾಗ ಮುಚ್ಚಿಕೊಂಡಿದ್ದ ಎದೆ, ಇನ್ನೊಂದು ದಾರಿಯೂ ಇದೆ ಎಂದಾಗ ಗಾಳಿ ಬಂದಂತೆ ತೆರೆದುಕೊಂಡಿತ್ತು. ಅವನಿಗೆ ಹಾಯೆನಿಸಿತ್ತು. ನಾಳೆ ಬೆಳಿಗ್ಗೆ ಬರಿಗೈಯಲ್ಲಿ ಮೆಟ್ಟಿಲಿಳಿಯುತ್ತೇನೆ ಎಂದು ಕಾಲುಗಳು ಆಗಲೇ ಲೆಕ್ಕ ಹಾಕಿಬಿಟ್ಟಿದ್ದವು.

ಫೋನ್ ಮಾಡಿ ಬರುತ್ತೇನೆಂದು ಹೇಳಿ ಅವನು ಜಗುಲಿಗೆ ಬಂದ. ನೆಲದ ಮೇಲೆ ಎಳೆದುಕೊಂಡು ಗೊರಕೆಯೂ ಬಂತು. ಜೇಬಿನಿಂದ ಫೋನು ತೆಗೆದು, ಯಾವ ಅಂಕಿಯನ್ನೂ ಒತ್ತದೆ, ಕಿವಿಗಿಟ್ಟುಕೊಂಡ. ಫೋನಿನ ಗಾಜು ತಣ್ಣಗಿತ್ತು. ಬಾಗಿಲ ಗಾಜಿನೊಳಗಿಂದ ವೈದ್ಯೆಗೆ ತನ್ನ ಬೆನ್ನು ಕಾಣುತ್ತದೆಂದು ತಿಳಿದಿದ್ದರಿಂದ ಬೆನ್ನನ್ನೂ ಸ್ವಲ್ಪ ಬಾಗಿಸಿಕೊಂಡ. ಹಲೋ ಎಂದ. ನಾನೇ ಎಂದ. ಡಾಕ್ಟರು ಹೀಗಂತಿದ್ದಾರೆ ಎಂದು ಸತ್ತ ಫೋನಿಗೆ ಎಲ್ಲವನ್ನೂ ವಿವರಿಸಿದ. ಕೇಳಿಸಿಕೊಳ್ಳುವವನಂತೆ ಸುಮ್ಮನಿದ್ದ. ಆಮೇಲೆ, ಅದು ಎಲ್ಲಿಂದ ಬಂತೋ, ಅಳಬೇಡ ಕಂದಾ ಎಂದ. ಕಂದಾ ಎಂದು ಅವನು ಕರೆಯುತ್ತಿದ್ದದ್ದು ಮಗಳನ್ನು. ಆ ಶಬ್ದ ಕಿವಿಗೆ ಬಿದ್ದದ್ದೇ ಗೊರಕೆ ಎರಡೂ ಕಿವಿ ನೆಟ್ಟಗೆ ಮಾಡಿ, ಗೇಟಿನ ಕಡೆ ತಿರುಗಿ, ಅವಳು ಬಂದಳೆಂದೇ ಬಾಲ ಬಡಿಯತೊಡಗಿತು. ಬಾಲ ನೆಲಕ್ಕೆ ಬಡಿಯುವ ಆ ಸದ್ದು ಈಗಲೂ, ಈ ಗಾಳಿಕಿಂಡಿಯ ಕೋಣೆಯಲ್ಲಿ ನುಣುಪಿನ ಯಂತ್ರ ನಿಂತ ಮೇಲಿನ ನಿಶ್ಶಬ್ದದಲ್ಲಿ ಕೇಳಿಸುತ್ತಿತ್ತು. ಅವನು ಒಳಗೆ ಹೋಗಿ, ಮಾತಾಡಿದೆ, ಎಲ್ಲರೂ ಒಪ್ಪಿದ್ದಾರೆ ಎಂದ. ವೈದ್ಯೆ ಅವನ ತೋಳು ಮುಟ್ಟಿದಳು. ತಲೆ ಕೈಮೇಲಿತ್ತು ಎಂದು ಮಗಳು ಬರೆದದ್ದು ನಿಜ. ಸೂಜಿ ಒಳಗಿಳಿಯುವಾಗಲೂ ಅದು ಅವನ ಬೆರಳ ಸಂದಿಯ ಪ್ಲಾಸ್ಟರು ನೆಕ್ಕುತ್ತಿತ್ತು. ನಾಲಗೆ ಮಧ್ಯದಲ್ಲಿ ನಿಂತಿತು. ಮನೆಗೆ ಬಂದು, ಇನ್ನೇನೂ ಮಾಡಲಾಗುವುದಿಲ್ಲ ಎಂದರು, ಒಂದು ದಿನ ತಡೆದಿದ್ದರೂ ನರಳುತ್ತಿತ್ತಂತೆ ಎಂದು ಹೇಳಿದಾಗ ಹೆಂಡತಿ ಅವನ ಎದೆಗೆ ಒರಗಿ, ನಿಮ್ಮೊಬ್ಬರ ಮೇಲೆ ಹಾಕಿಬಿಟ್ಟೆವಲ್ಲ ಎಂದು ಅತ್ತಳು. ಅಂದಿನಿಂದ ಅವಳು ಅವನ ತಟ್ಟೆಗೆ ಮೊದಲು ಬಡಿಸುತ್ತಿದ್ದಳು. ಮಗಳು ಕಾಲೇಜಿಗೆ ಹೋಗುವ ಮುನ್ನ ಅವನ ಹೆಗಲ ಮೇಲೆ, ಸರಿಯಾಗಿ ಆ ಗದ್ದ ಕುಟ್ಟುತ್ತಿದ್ದ ಎಲುಬಿನ ಮೇಲೆ, ಕೈಯಿಟ್ಟು ಹೋಗುತ್ತಿದ್ದಳು. ಬೈದಿದ್ದರೆ ಎದುರಾಡಬಹುದಿತ್ತು, ಈ ಅಕ್ಕರೆಗೆ ಯಾವ ಕಡೆಯಿಂದಲೂ ಬಾಗಿಲಿರಲಿಲ್ಲ.

ಹೆಂಡತಿಯ ಫೋನು ಬಂದದ್ದು ಊಟದ ಡಬ್ಬಿ ತೆರೆಯುವ ಹೊತ್ತಿಗೆ. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು. ಮಾವನ ಹೊಟ್ಟೆನೋವಿಗೆ ಮಾಡಿಸಿದ್ದ ಸ್ಕ್ಯಾನಿಂಗಿನ ರಿಪೋರ್ಟು ಅಂದು ನಾಲ್ಕು ಗಂಟೆಗೆ ಬರುವುದಿತ್ತು. ದೊಡ್ಡ ಡಾಕ್ಟರು ನೋಡಿ ಮಾತಾಡುವವರಿದ್ದರು. ನಾನೇ ಹೋಗಬೇಕೆಂದುಕೊಂಡಿದ್ದೆ, ಪರೀಕ್ಷೆಯ ಕೊಠಡಿ ಬಿಟ್ಟು ಬರಲು ಆಗುತ್ತಿಲ್ಲ ಎಂದಳು. ಮಗಳನ್ನು ಕಳಿಸುತ್ತೇನೆಂದರೆ ಅಪ್ಪ ಒಪ್ಪಲಿಲ್ಲವಂತೆ. "ನಿಮ್ಮ ಜೊತೆಗಾದ್ರೆ ಮಾತ್ರ ಹೋಗ್ತಾರಂತೆ. ಬೇರೆ ಯಾರೂ ಬೇಡ ಅಂತ ಹಟ ಹಿಡಿದಿದಾರೆ" ಎಂದು ಹೇಳುವಾಗ ಅವಳ ದನಿಯಲ್ಲಿ ಒಂದು ಹೆಮ್ಮೆಯಿತ್ತು. ಅವನು ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿದ. ಗೊರಕೆ ಹೋದ ಮೇಲೆ ಮಾವ ಅವನೊಂದಿಗೆ ಹತ್ತು ಮಾತೂ ಆಡಿರಲಿಲ್ಲ. ಆ ಗುರುವಾರ ಅವನು ಖಾಲಿ ಕೊರಳಪಟ್ಟಿ ಹಿಡಿದು ಒಳಗೆ ಬಂದಾಗ ಅವರು ಕುರ್ಚಿಯಿಂದ ಏಳದೆ, ಅಷ್ಟೇನಾ ಎಂದು ಕೇಳಿದ್ದರು. ಆ ಒಂದು ಮಾತನ್ನು ಅವನು ಹತ್ತೊಂಬತ್ತು ದಿನವೂ ಅಗಿದಿದ್ದ. ಮಾವ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಅಂಗಡಿಯವನು ತಕ್ಕಡಿಗೆ ಕಲ್ಲು ಇಡುವ ಸದ್ದಿನಲ್ಲೇ ಅದನ್ನು ಒಳಗೆ ಕೊರೆದು ಹಗುರ ಮಾಡಿದ್ದಾನೋ ಇಲ್ಲವೋ ಹೇಳುತ್ತಿದ್ದರೆಂದು ಪ್ರತೀತಿ. ಅವರ ಎದುರು ಕುಳಿತು ಊಟ ಮಾಡುವಾಗ ಇವನು ಚಮಚವನ್ನೂ ಸದ್ದಾಗದಂತೆ ಇಡುತ್ತಿದ್ದ.

ಮನೆಗೆ ಬಂದಾಗ ಮಾವ ಇಸ್ತ್ರಿಯ ಅಂಗಿ ತೊಟ್ಟು, ಹಲ್ಲುಸೆಟ್ಟು ಹಾಕಿಕೊಂಡು, ಊರುಗೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಬಾಗಿಲ ಬಳಿಯೇ ಕುಳಿತಿದ್ದರು. ಸೆಟ್ಟು ಇವನೇ ಮಾಡಿದ್ದು. ಎಡಗಡೆ ತುಸು ಕಚ್ಚುತ್ತದೆಂದು ಇವನಿಗೆ ಗೊತ್ತು, ಅವರು ಒಮ್ಮೆಯೂ ಹೇಳಿರಲಿಲ್ಲ. ಕೈ ಹಿಡಿಯಲು ಹೋದರೆ ಬೇಡವೆಂದರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದರು, ಇವನು ಎರಡು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು ಸಿದ್ಧನಾಗಿ, ಹಿಂದುಹಿಂದಕ್ಕೆ ಇಳಿದ. ಆಸ್ಪತ್ರೆಯಲ್ಲಿ ನೀಲಿ ಕುರ್ಚಿಗಳ ಸಾಲು, ಗೋಡೆಯ ಮೇಲೆ ಸದ್ದು ಕಡಿಮೆ ಮಾಡಿದ ಟೀವಿ. ಅದರಲ್ಲಿ ಯಾರೋ ಏನೋ ಗೆದ್ದು ಕುಣಿಯುತ್ತಿದ್ದರು. ಇವರ ಸಂಖ್ಯೆ ಬರಲು ಇನ್ನೂ ಏಳು ಜನರಿದ್ದರು. ಮಾವ ಟೀವಿಯನ್ನೇ ನೋಡುತ್ತ, ಹವೆಯ ವಿಷಯ ಹೇಳುವವರಂತೆ ಹೇಳಿದರು.

"ಆ ನಾಯಿ ಡಾಕ್ಟರಮ್ಮ ಫೋನ್ ಮಾಡಿದ್ಲು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಾಲಿನಿಂದ ಮೇಲಕ್ಕೆ ಅರ್ಥವಾಗತೊಡಗಿತು. ಗೊರಕೆ ಹೋದ ಎರಡು ದಿನಕ್ಕೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಮನೆಯ ಫೋನಿಗೆ ಮಾಡಿದ್ದಳಂತೆ. ಹಳೆಯ ಚೀಟಿಯಲ್ಲಿ ಆ ಸಂಖ್ಯೆಯೇ ಇತ್ತಂತೆ. ಹೇಗಿದ್ದೀರಿ ಎಂದು ವಿಚಾರಿಸಿದಳಂತೆ. ಮನೆಯವರೆಲ್ಲ ಮಾತಾಡಿಕೊಂಡು ಒಟ್ಟಿಗೆ ನಿರ್ಧಾರ ಮಾಡಿದಿರಿ, ಎಷ್ಟೋ ಜನರಿಗೆ ಅದು ಆಗುವುದಿಲ್ಲ, ಔಷಧಿಯ ದಾರಿ ಹಿಡಿಯಲಿಲ್ಲವೆಂದು ನೊಂದುಕೊಳ್ಳಬೇಡಿ ಎಂದಳಂತೆ. ಮಾವ ಇಷ್ಟನ್ನೂ ಟೀವಿಗೆ ಹೇಳಿದರು. ಅವನು ನೀವೇನಂದಿರಿ ಎಂದು ಕೇಳಿದನೋ, ಕೇಳಿದೆನೆಂದುಕೊಂಡನೋ.

"ಹೌದಮ್ಮ, ಎಲ್ಲಾ ಸೇರಿ ಒಪ್ಪಿದ್ವಿ ಅಂದೆ."

ಎದುರಿನ ಕುರ್ಚಿಯ ಹೆಂಗಸು ಚೀಲದಿಂದ ಕಿತ್ತಳೆ ತೆಗೆದು ಸುಲಿಯತೊಡಗಿದಳು. ಅದರ ಘಾಟು ಕಣ್ಣಿಗೆ ಬಂತು. ಹದಿನೇಳು ದಿನ ಈ ಮನುಷ್ಯ ತನ್ನೆದುರು ಕುಳಿತು ಉಂಡಿದ್ದಾರೆ. ಮಗಳು ತನ್ನ ಬರಹವನ್ನು ಊಟದ ಮೇಜಿನ ಮುಂದೆ ಓದಿ ಹೇಳಲು ಹೊರಟಾಗ, ಆಮೇಲೆ ಓದು ತಾಯಿ, ಸಾರು ಆರುತ್ತೆ ಎಂದು ತಡೆದದ್ದು ಇವರೇ. ಅದನ್ನು ಅವನು ಮುದುಕರ ಅಸಡ್ಡೆ ಎಂದುಕೊಂಡಿದ್ದ. ಅಂದರೆ ಇವರು ತನ್ನ ಮೇಲೆ ಕರುಣೆ ತೋರಿದ್ದರೇ? ಅವನು ಏನಾದರೂ ಹೇಳಬೇಕೆಂದು, ನನಗೆ ಸಾಕಾಗಿತ್ತು ಮಾವ, ನಿಜವಾಗಿಯೂ ಸಾಕಾಗಿತ್ತು ಎಂದ. ಮಾವ ತಲೆಯಾಡಿಸಿದರು. ಸಾಕಾಗುತ್ತೆ, ಎತ್ತುವವನಿಗೇ ಗೊತ್ತು ಭಾರ ಎಂದರು. ಅಷ್ಟು ಹೇಳಿ ಬಿಟ್ಟಿದ್ದರೆ ಅವನು ಅವರ ಕಾಲು ಹಿಡಿಯುತ್ತಿದ್ದನೇನೋ. ಆದರೆ ಅವರು ಮೊದಲ ಸಲ ಅವನ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷ ಅಳಿಯನನ್ನು ನೀವು ಎಂದೇ ಕರೆದಿದ್ದ ಮನುಷ್ಯ, ಮುಂದಿನ ಮಾತನ್ನು ಏಕವಚನದಲ್ಲಿ ಆಡಿದರು.

"ಈಗ ಒಳಗೆ ಏನ್ ಬರುತ್ತೋ ನನಗೆ ಗೊತ್ತು. ನನ್ನ ಹೊಟ್ಟೆ, ನನಗೆ ಗೊತ್ತಿರಲ್ವಾ. ಅದನ್ನ ಮನೇಲಿ ಹೇಳೋನು ನೀನು. ಏನಿಲ್ಲ ಅಂತ ಹೇಳು. ಕತ್ತರಿಸೋದು, ಸುಡೋದು, ಮೂಗಿಗೆ ನಳಿಗೆ ಹಾಕೋದು ನನಗೆ ಬೇಡ. ನನ್ನ ಮಗಳಿಗೆ ಗೊತ್ತಾದ್ರೆ ಬಿಡಲ್ಲ. ಅವಳ ಅಮ್ಮನಿಗೆ ಏನೇನು ಮಾಡಿಸಿದ್ಲು ನೀನೇ ನೋಡಿದೀಯ."

ನನ್ನಿಂದ ಆಗುವುದಿಲ್ಲ ಎಂದು ಅವನು ಹೇಳಿದ. ಮಾವ ಆಶ್ಚರ್ಯಪಟ್ಟವರಂತೆ ಹುಬ್ಬೇರಿಸಿದರು. ಬೆದರಿಕೆಯ ಸುಳಿವೂ ಅವರ ಮುಖದಲ್ಲಿರಲಿಲ್ಲ. ಒಳ್ಳೆಯ ಕೆಲಸಗಾರನಿಗೆ ಅವನ ಕಸುಬನ್ನೇ ನೆನಪಿಸುವ ತಾಳ್ಮೆಯಿತ್ತು.

"ಯಾಕಾಗಲ್ಲ? ನಿನಗೆ ಬರುತ್ತಲ್ಲ ಆ ಕೆಲಸ."

ಅದು ಅವಮಾನವೋ ನಂಬಿಕೆಯೋ ಎಂದು ತೂಗಿ ನೋಡುವಷ್ಟರಲ್ಲಿ ಇವರ ಸಂಖ್ಯೆ ಕೂಗಿದರು. ದೊಡ್ಡ ಡಾಕ್ಟರು ಮೃದುವಾದ ಮನುಷ್ಯ. ಹಿರಿಯರು ಹೊರಗೆ ಕೂತಿರಲಿ ಎಂದು ಸೂಚಿಸಿದರು, ಹಿರಿಯರು ಕುರ್ಚಿ ಬಿಟ್ಟು ಏಳಲಿಲ್ಲ. ಪಿತ್ತಜನಕಾಂಗದ ಪಕ್ಕದಲ್ಲಿ ಗಡ್ಡೆಯಿದೆ, ಚಿಕ್ಕದಲ್ಲ, ಇನ್ನೂ ಕೆಲವು ಪರೀಕ್ಷೆ ಆಗಬೇಕು, ಚಿಕಿತ್ಸೆ ಇಲ್ಲವೆಂದಲ್ಲ, ಆದರೆ ಈ ವಯಸ್ಸಿನಲ್ಲಿ ಸುಲಭವೂ ಅಲ್ಲ, ಇವರ ಮಗಳನ್ನು ಕರೆದುಕೊಂಡು ಬನ್ನಿ, ಕೂತು ಮಾತಾಡಿ ತೀರ್ಮಾನ ಮಾಡೋಣ ಎಂದರು. ಅವನು ಹೂಂ ಎಂದ. ಮಾವ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ, ರಿಪೋರ್ಟಿನ ದೊಡ್ಡ ಲಕೋಟೆಯನ್ನು ತಾವೇ ತೆಗೆದು ಇವನ ಕಂಕುಳಿಗೆ ಸಿಕ್ಕಿಸಿದರು. ಹೊರಗೆ ಬಂದು ಟ್ಯಾಕ್ಸಿಗೆ ಕಾಯುವಾಗ ಅವರಲ್ಲಿ ಒಂದು ಬಗೆಯ ಗೆಲವು ಕಾಣಿಸಿಕೊಂಡಿತ್ತು. ತೀರಾ ಏನೂ ಇಲ್ಲ ಎಂದರೆ ಅವಳು ನಂಬುವುದಿಲ್ಲ, ಲೆಕ್ಕದ ಟೀಚರು ಅವಳು, ಕಲಬೆರಕೆ ಮಾಡುವವನು ಎಲ್ಲಾದರೂ ಬರೀ ಮಣ್ಣು ಮಾರುತ್ತಾನೆಯೇ, ಸ್ವಲ್ಪ ಕಾಯಿಲೆಯನ್ನೂ ಬೆರೆಸು ಎಂದು ಹೇಳಿಕೊಟ್ಟರು. ಹುಣ್ಣು ಎನ್ನು. ಖಾರ ಬಿಡಬೇಕಂತೆ ಎನ್ನು. ಆರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ ಎನ್ನು. ಲಕೋಟೆಯನ್ನು ನಾಳೆ ನಿನ್ನ ಕ್ಲಿನಿಕ್ಕಿನಲ್ಲೇ ಇಟ್ಟುಬಿಡು. ಟ್ಯಾಕ್ಸಿಯಲ್ಲಿ ಅವರ ಎಲುಬಿನ ಕೈ ಬಂದು ಇವನ ಕೈಮೇಲೆ ಕುಳಿತಿತು, ದಾರಿಯುದ್ದಕ್ಕೂ ಅಲ್ಲೇ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವನನ್ನು ಹೀಗೆ ಮುಟ್ಟಿದ್ದೇ ಇಲ್ಲ. ಅವನು ಕೈ ಕದಲಿಸಲಿಲ್ಲ. ಕದಲಿಸಿದರೆ ಏನೋ ಮುರಿದೀತೆಂಬ ಹೆದರಿಕೆ, ಕದಲಿಸದಿದ್ದರೆ ಒಪ್ಪಿಕೊಂಡಂತಾದೀತೆಂಬ ಹೆದರಿಕೆ. ಒಂದು ಸುಳ್ಳು ಹೇಳಿದವನಿಗೆ ಅದನ್ನು ಬಚ್ಚಿಡುವ ಕಷ್ಟವಷ್ಟೇ ಎಂದು ಅವನು ತಿಳಿದಿದ್ದ. ಅದನ್ನು ಬಲ್ಲವರು ಬಂದು, ನೀನು ನಮ್ಮವನು ಎಂದು ತೋಳು ಹಿಡಿಯುತ್ತಾರೆಂದು ತಿಳಿದಿರಲಿಲ್ಲ. ಇನ್ನು ಆರು ತಿಂಗಳೋ ಎಂಟು ತಿಂಗಳೋ, ದಿನವೂ ಹುಣ್ಣಿನ ಕತೆ. ಹೆಂಡತಿ ಖಾರವಿಲ್ಲದ ಅಡುಗೆ ಮಾಡುತ್ತಾಳೆ. ಮುದುಕರು ಸೊರಗುತ್ತಾರೆ. ಕೊನೆಗೊಂದು ದಿನ ಅವಳು ಮತ್ತೆ ಅವನ ಎದೆಗೆ ಒರಗಿ, ಅಪ್ಪನನ್ನೂ ನಿಮ್ಮೊಬ್ಬರ ಮೇಲೆ ಹಾಕಿಬಿಟ್ಟೆವಲ್ಲ ಎನ್ನುತ್ತಾಳೆ. ಮಗಳು ಇನ್ನೊಂದು ಬರೆಯುತ್ತಾಳೆ. ಟ್ಯಾಕ್ಸಿಯ ಕಿಟಕಿ ಪೂರ್ತಿ ಇಳಿಸಿದರೂ ಗಾಳಿ ಸಾಲದಾಯಿತು.

ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಆಗಷ್ಟೇ ಶಾಲೆಯಿಂದ ಬಂದಿರಬೇಕು, ಚಪ್ಪಲಿ ಬಿಚ್ಚದೆ, ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತಿದ್ದಳು. ಮಗಳು ಸೋಫಾದ ಕೈಮೇಲೆ ಕುಳಿತಿದ್ದಳು. ಮಾವ ಏದುಸಿರು ಬಿಡುತ್ತ ತಮ್ಮ ಕುರ್ಚಿಗೆ ಇಳಿದರು, ಊರುಗೋಲು ಒರಗಿಸಿದರು, ಅವನ ಕಡೆ ನೋಡಲಿಲ್ಲ. ಸಂಜೆಯ ಬಿಸಿಲು ಇನ್ನೂ ನೆಲದ ಮೇಲೆ ಇತ್ತು.

"ಡಾಕ್ಟ್ರು ಏನಂದ್ರು?" ಎಂದು ಹೆಂಡತಿ ಕೇಳಿದಳು. ಕೇಳಿದ್ದು ಅಪ್ಪನನ್ನಲ್ಲ, ಅವನನ್ನು.

ಹುಣ್ಣು ಎಂಬ ಶಬ್ದ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳುವುದು ಎಷ್ಟು ಸುಲಭವೆಂದು ಅವನಿಗೆ ಗೊತ್ತಾಯಿತು. ದನಿ, ಅರ್ಧ ನಿಟ್ಟುಸಿರು, ಹೆಗಲು ಬಾಗುವ ಬಗೆ ಎಲ್ಲವೂ ತಾವಾಗಿಯೇ ಸಿದ್ಧವಾಗಿ ನಿಂತಿದ್ದವು. ಅವಳ ಮುಖದಲ್ಲಿ, ಅವನು ಏನು ಹೇಳಿದರೂ ನಂಬಲು ತಯಾರಾದ ಒಂದು ಬೆಳಕಿತ್ತು. ಆ ಬೆಳಕನ್ನು ನೋಡಲಾರದೆ ಅವನು ಬಾಯಿ ತೆರೆದ.

"ಗೊರಕೆಗೆ ಔಷಧಿ ಇತ್ತು" ಎಂದ.

ಹೆಂಡತಿ "ಏನು?" ಎಂದಳು.

"ಔಷಧಿ ಇತ್ತು. ಐದಾರು ತಿಂಗಳು ಚೆನ್ನಾಗೇ ಇರುತ್ತೆ ಅಂದಿದ್ರು ಆ ಡಾಕ್ಟ್ರು. ಮನೆಯವರನ್ನ ಕೇಳಿ ಅಂದ್ರು. ನಾನು ಹೊರಗೆ ಬಂದು ಫೋನ್ ಕಿವಿಗಿಟ್ಕೊಂಡು ನಿಂತೆ. ಯಾರಿಗೂ ಮಾಡ್ಲಿಲ್ಲ. ಒಳಗೆ ಹೋಗಿ ಎಲ್ಲರೂ ಒಪ್ಪಿದಾರೆ ಅಂದೆ. ನನಗೆ ಎತ್ತಿ ಎತ್ತಿ ಸಾಕಾಗಿತ್ತು."

ಧೈರ್ಯ ಮಾಡಿ ಹೇಳಿದೆನೇ, ಅಥವಾ ಇನ್ನೊಂದು ಭಾರ ಹೊರಲಾರದೆ ಇದನ್ನೂ ಕೆಳಗೆ ಹಾಕಿಬಿಟ್ಟೆನೇ ಎಂದು ಆಗಲೂ ಅವನಿಗೆ ತಿಳಿಯಲಿಲ್ಲ. ಅಳು ಬರುವುದೆಂದು ಕಾದ, ಬರಲಿಲ್ಲ. ಮಗಳು ಅವನನ್ನೇ ನೋಡುತ್ತಿದ್ದಳು, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕುಳಿತವರನ್ನು ಒಮ್ಮೆ ನೋಡುವಂತೆ. ಆಮೇಲೆ ತನ್ನ ಫೋನು ತೆಗೆದು, ಆ ಬರಹವನ್ನು ಹುಡುಕಿ, ಏನನ್ನೋ ಒತ್ತಿದಳು, ಇನ್ನೊಮ್ಮೆ ಒತ್ತಿದಳು, ಅದನ್ನು ಕವುಚಿ ಮೇಜಿನ ಮೇಲಿಟ್ಟು ಎದ್ದು ತಾತನ ಕೋಣೆಗೆ ಹೋದಳು. ಮಂಚದ ಕೆಳಗಿನ ಗೊರಕೆಯ ಹಾಸನ್ನು ಈವರೆಗೂ ಯಾರೂ ತೆಗೆದಿರಲಿಲ್ಲ. ಅವಳು ಅದನ್ನು ಹೊರಗೆಳೆದು ಅದರ ಮೇಲೆ ಕುಳಿತುಕೊಂಡದ್ದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಹೆಂಡತಿ ಮಾತ್ರ ನಿಂತಲ್ಲೇ ನಿಂತಿದ್ದಳು. ಅವಳ ಕಣ್ಣು ಗಂಡನಿಂದ ಅಪ್ಪನ ಕಡೆ ಹೋಯಿತು. ಅಪ್ಪನ ಮುಖ ಎದೆಗೆ ಬಾಗಿತ್ತು. ಏನು ಮಾಡಿಬಿಟ್ಟಿರಿ ನೀವು ಎಂದು ಅವರು ತಮ್ಮ ಕೈಗಳಿಗೆ ಹೇಳಿಕೊಳ್ಳುವಂತೆ ಹೇಳಿದರು. ನೀವು ಎಂದರು. ಅವಳು ಅದನ್ನು ಕೇಳಿಸಿಕೊಂಡಳು, ಮತ್ತೆ ಗಂಡನನ್ನು ನೋಡಿದಳು, ಅವನ ಕಂಕುಳಲ್ಲಿದ್ದ ಲಕೋಟೆಯನ್ನು ನೋಡಿದಳು. ತಪ್ಪಾದ ಲೆಕ್ಕವನ್ನು ಮೊದಲಿನಿಂದ ಮಾಡಲು ಹೊರಟವಳಂತೆ ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಹೆಗಲ ಚೀಲವನ್ನು ನೆಲಕ್ಕಿಳಿಸಿ ಕೈಚಾಚಿದಳು.

"ಅಪ್ಪನ ರಿಪೋರ್ಟ್ ಕೊಡಿ."

ಅವನು ಹೇಳಲು ಹೋದ. ಅವಳು ಚಾಚಿದ ಕೈಯನ್ನು ಇನ್ನಷ್ಟು ಮುಂದಕ್ಕೆ ತಂದಳು. ಅವನು ಕೊಟ್ಟ. ಅವಳು ಲಕೋಟೆಯ ಬಾಯಿ ಹರಿದು, ಹಾಳೆಗಳನ್ನು ಹೊರಗೆಳೆದು, ಕಿಟಕಿಯ ಬೆಳಕಿಗೆ ಹಿಡಿದು, ಅವನಿಗೆ ಬೆನ್ನು ಮಾಡಿ, ಮೊದಲ ಸಾಲಿನಿಂದ ತಾನೇ ಓದತೊಡಗಿದಳು.